‘ಅವನು’ ‘ನಾನು’ ಆದ ಬಗೆ: ಡಿಲನ್ ಅವರ ಒಂದು ಹಾಡಿನ ಪಾಠಾಂತರಗಳು

1974ರ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಅಮೆರಿಕದ ಹಾಡುಗಾರ, ಕವಿ ಬಾಬ್ ಡಿಲನ್ ಕೈಗೊಂಡ ತೀರ್ಮಾನವೊಂದು ಹಾಡು ಕಟ್ಟುವವರೆಲ್ಲರೂ ಕೂತು ಯೋಚಿಸಬೇಕಾದಂಥದು. ಹತ್ತು ಹಾಡುಗಳ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಎಂಬ ಧ್ವನಿಮುದ್ರಿಕೆಯ ಕೆಲಸ ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲೇ ಮುಗಿದಿತ್ತು. ಪರೀಕ್ಷೆಗೆಂದು ಒತ್ತಿಸಿದ ತಟ್ಟೆಗಳು ಕೆಲವರ ಕೈ ಸೇರಿದ್ದವು, ಹೊರ ಹೊದಿಕೆಯೂ ಅಚ್ಚಾಗಿತ್ತು. ಇಷ್ಟೆಲ್ಲ ಆದ ಮೇಲೆ ಅವರು ಹತ್ತರಲ್ಲಿ ಐದು ಹಾಡುಗಳನ್ನು ಪಕ್ಕಕ್ಕಿರಿಸಿ, ತಮ್ಮ ತವರು ರಾಜ್ಯವಾದ ಮಿನೆಸೋಟಾದ ಮಿನಿಯಾಪೊಲಿಸ್ ನಗರದ ಸೌಂಡ್ 80 ಸ್ಟುಡಿಯೋದಲ್ಲಿ, ಡಿಸೆಂಬರ್ 27 ಮತ್ತು 30ರಂದು, ಅವುಗಳನ್ನು ಹೊಸದಾಗಿ ಹಾಡಿದರು. 1975ರ ಜನವರಿ 20ರಂದು ಬಿಡುಗಡೆಯಾದ ಮುದ್ರಿಕೆಯಲ್ಲಿ ಕೇಳುವುದು ಈ ಎರಡೂ ಊರುಗಳ ಕೆಲಸ ಬೆರೆತ ರೂಪ. ಅದರ ಮೊದಲ ಹಾಡು ‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’. ನೀಲಿಯಲ್ಲಿ, ಎಂದರೆ ವಿಷಾದದಲ್ಲಿ, ಸಿಕ್ಕಿಕೊಂಡವನೊಬ್ಬನ ಕಥೆ. ಈ ಅಧ್ಯಯನ ಆ ಒಂದು ಹಾಡನ್ನು ಕುರಿತದ್ದು.

ಈ ಹಾಡನ್ನೇ ಆರಿಸಿಕೊಳ್ಳಲು ಕಾರಣವಿದೆ. ಹಾಡಿನ ಕರಡುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಬರೆದವರು ಹೊಡೆದುಹಾಕಿದ ಸಾಲು ಕಸದ ಬುಟ್ಟಿಗೆ ಹೋಗುತ್ತದೆ. ನಮ್ಮ ಸಿನಿಮಾ ಹಾಡುಗಳಲ್ಲಾದರೆ ಮಟ್ಟಿಗೆ ಹೊಂದಿಸಲು ಹಾಕಿಕೊಂಡ ತಾತ್ಕಾಲಿಕ ಪದಗಳು ಸಂಗೀತ ನಿರ್ದೇಶಕರ ಕೋಣೆಯಾಚೆ ಬರುವುದೇ ಇಲ್ಲ. ಇಲ್ಲಿ ಹಾಗಲ್ಲ. ನ್ಯೂಯಾರ್ಕಿನ ಪಾಠವೊಂದು, ಎಂದರೆ ಅಲ್ಲಿ ಹಾಡಿದ ರೂಪವೊಂದು, 1991ರಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು. 2018ರಲ್ಲಿ ‘ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್’ ಎಂಬ ಹೆಸರಿನಲ್ಲಿ ಆ ಸೆಪ್ಟೆಂಬರಿನ ಧ್ವನಿಮುದ್ರಣವೆಲ್ಲವೂ ಆರು ಸಿ.ಡಿ.ಗಳ ಸಂಪುಟವಾಗಿ ಹೊರಬಂತು. ಹಾಡುಗಳನ್ನು ಬರೆದುಕೊಂಡ ಪುಟ್ಟ ಟಿಪ್ಪಣಿ ಪುಸ್ತಕಗಳಲ್ಲಿ ಒಂದು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿಯೂ ಉಳಿದವು ಟಲ್ಸಾ ನಗರದ ಡಿಲನ್ ಸಂಗ್ರಹದಲ್ಲಿಯೂ ಇವೆ. ಹೀಗಾಗಿ ಒಬ್ಬನೇ ಕವಿ, ಒಂದೇ ಹಾಡಿನ ಮೇಲೆ, ನಾಲ್ಕು ತಿಂಗಳೂ ತುಂಬದ ಅವಧಿಯಲ್ಲಿ, ಏನನ್ನು ಮುಟ್ಟಿದ ಮತ್ತು ಏನನ್ನು ಮುಟ್ಟದೆ ಬಿಟ್ಟ ಎಂಬುದನ್ನು ನಾವು ಕಿವಿಯಾರೆ ಪರೀಕ್ಷಿಸಬಹುದು. ಮುಟ್ಟದೆ ಬಿಟ್ಟದ್ದರ ಕಡೆಗೇ ನನ್ನ ಗಮನ ಹೆಚ್ಚು.

ಮೊದಲ ಪಾಠ

1974ರ ವಸಂತದಲ್ಲಿ ಡಿಲನ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಕಟ್ಟಡದಲ್ಲಿ ನಾರ್ಮನ್ ರೇಬನ್ ಎಂಬ ಚಿತ್ರಕಲಾ ಶಿಕ್ಷಕರ ಬಳಿ ಕೆಲವು ತಿಂಗಳು ಕಲಿತರು. ರೇಬನ್, ಯಿದ್ದಿಷ್ ಭಾಷೆಯ ಪ್ರಸಿದ್ಧ ಕಥೆಗಾರ ಶೋಲೆಮ್ ಅಲೈಖೆಮ್ ಅವರ ಮಗ. ತಾವು ಹಿಂದೆ ಅರಿವಿಲ್ಲದೆ ಮಾಡುತ್ತಿದ್ದುದನ್ನು ಅರಿತು ಮಾಡಲು ಆ ಗುರು ಕಲಿಸಿದರೆಂದು ಡಿಲನ್ ಮುಂದೆ ಹಲವು ಸಲ ಹೇಳಿದ್ದಾರೆ. ಚಿತ್ರವೊಂದರ ಮುಂದೆ ನಿಂತವನು ಅದರ ಮೂಲೆಯೊಂದನ್ನೂ ನೋಡಬಲ್ಲ, ಇಡಿಯನ್ನೂ ಒಟ್ಟಿಗೆ ನೋಡಬಲ್ಲ. ಹಾಡಿನಲ್ಲಿಯೂ ನಿನ್ನೆ, ಇಂದು, ನಾಳೆಗಳು ಒಂದೇ ಕೋಣೆಯಲ್ಲಿ ಕೂತಿರುವಂತೆ ಮಾಡಬೇಕೆಂಬುದು ಡಿಲನ್ ಅವರ ಹಂಬಲ. ಆ ಬೇಸಿಗೆಯಲ್ಲಿ ಮಿನೆಸೋಟಾದ ತಮ್ಮ ತೋಟದಲ್ಲಿ ಬರೆದ ಹಾಡುಗಳಲ್ಲಿ ಇದಕ್ಕೆ ಅತ್ಯಂತ ನೇರವಾದ ಉದಾಹರಣೆ ನಮ್ಮ ಮುಂದಿರುವ ಹಾಡೇ. ಮದುವೆಯಾಗಿದ್ದ ಹೆಣ್ಣೊಬ್ಬಳು, ಅವಳನ್ನು ಕರೆದುಕೊಂಡು ಹೊರಟವನು, ಅಗಲಿಕೆ, ಊರೂರು ಅಲೆದು ಮಾಡಿದ ಸಣ್ಣಪುಟ್ಟ ಕೂಲಿ, ಮತ್ತೊಂದು ಭೇಟಿ, ಮತ್ತೆ ಅಗಲಿಕೆ: ಇಷ್ಟೂ ಏಳು ನುಡಿಗಳಲ್ಲಿ ಬರುತ್ತದೆ, ಆದರೆ ಕಾಲಕ್ರಮದಲ್ಲಿ ಬರುವುದಿಲ್ಲ. ಮರುಭೇಟಿಯಲ್ಲಿ ಸಿಕ್ಕವಳು ಮೊದಲಿನವಳೇ, ಬೇರೆಯವಳೇ ಎಂಬುದೂ ಖಚಿತವಾಗುವುದಿಲ್ಲ.

ಸೆಪ್ಟೆಂಬರ್ 16ರಂದು ನ್ಯೂಯಾರ್ಕಿನ ಎ ಆಂಡ್ ಆರ್ ಸ್ಟುಡಿಯೋದಲ್ಲಿ, ಫಿಲ್ ರಮೋನ್ ಅವರ ತಾಂತ್ರಿಕ ಮೇಲ್ವಿಚಾರಣೆಯಲ್ಲಿ ಧ್ವನಿಮುದ್ರಣ ಆರಂಭವಾಯಿತು. ಮೊದಲ ದಿನ ಒಂದು ವಾದ್ಯತಂಡವಿತ್ತು. ಅವರಲ್ಲಿ ಹೆಚ್ಚಿನವರನ್ನು ಬೇಗನೆ ಬಿಟ್ಟುಕೊಟ್ಟು, ಮುಖ್ಯವಾಗಿ ಟೋನಿ ಬ್ರೌನ್ ಅವರ ಬೇಸ್ ಗಿಟಾರ್ ಒಂದನ್ನೇ ಜೊತೆಗಿಟ್ಟುಕೊಂಡು ಡಿಲನ್ ಹಾಡಿದರು. ಗಿಟಾರಿನ ತಂತಿಗಳನ್ನು ತೆರೆದ ಶ್ರುತಿಗೆ ಕೂಡಿಸಿಕೊಂಡಿದ್ದರಿಂದ ನಾದ ತುಂಬಿ ಬರುತ್ತದೆ, ಆದರೆ ಹರಿವು ತಗ್ಗಿದ್ದು. ಅಂಗಿಯ ಗುಂಡಿಗಳು ಗಿಟಾರಿನ ಹಲಗೆಗೆ ತಾಗಿ ಟಿಕ್ ಟಿಕ್ ಎನ್ನುವ ಸದ್ದು ಕೆಲವು ಟೇಕ್‌ಗಳಲ್ಲಿ ಹಾಗೇ ಉಳಿದಿದೆ. ಹಾಡುವ ದನಿ ಮೆಲುವಾದದ್ದು, ನಡೆದುಹೋದದ್ದನ್ನು ದೂರದಿಂದ ನೆನೆಯುವವನದು.

ಈ ದೂರಕ್ಕೆ ವ್ಯಾಕರಣದ ಆಧಾರವೂ ಇದೆ. ನ್ಯೂಯಾರ್ಕ್ ಪಾಠದ ಮೊದಲ ಭಾಗದಲ್ಲಿ ಕಥೆ ಪ್ರಥಮ ಪುರುಷದಲ್ಲಿ, ಎಂದರೆ ‘ಅವನು’ ಎಂಬ ರೂಪದಲ್ಲಿ, ನಡೆಯುತ್ತದೆ. ಬೆಳಗಿನ ಬಿಸಿಲಿನಲ್ಲಿ ಹಾಸಿಗೆಯಲ್ಲಿ ಬಿದ್ದುಕೊಂಡು ಅವಳ ಕೂದಲು ಇನ್ನೂ ಕೆಂಪಾಗಿದೆಯೋ ಎಂದು ಯೋಚಿಸುತ್ತಿರುವವನು ‘ಅವನು’; ಅವಳನ್ನು ಇಕ್ಕಟ್ಟಿನಿಂದ ಬಿಡಿಸಿದವನೂ ‘ಅವನು’; ಉತ್ತರದ ಕಾಡುಗಳಲ್ಲಿ ಅಡುಗೆಯವನಾಗಿ ದುಡಿದವನೂ ‘ಅವನು’. ನಡುವೆ ಮರುಭೇಟಿಯ ನುಡಿ ಬಂದಾಗ ಸದ್ದಿಲ್ಲದೆ ‘ನಾನು’ ಪ್ರವೇಶಿಸುತ್ತದೆ ಮತ್ತು ಕೊನೆಯವರೆಗೂ ಉಳಿಯುತ್ತದೆ. ಉಪಾಯವೇನೋ ಜಾಣ್ಮೆಯದು. ಆದರೆ ಕೇಳುವಾಗ ಆಗುವುದೇನೆಂದರೆ, ಮೊದಲ ನುಡಿಗಳಲ್ಲಿ ಕೇಳುಗನು ಕಥೆಯ ಹೊರಗೆ ನಿಂತಿರುತ್ತಾನೆ. ಹಾಡು ಅರ್ಧ ಕಳೆದ ಮೇಲೆ ಒಳಗೆ ಬಾ ಎಂದರೆ, ಅಷ್ಟು ಹೊತ್ತು ಹೊರಗೆ ನಿಂತವನಿಗೆ ಸ್ವಲ್ಪ ಸಂಕೋಚವೇ.

ಎರಡನೆಯ ಪಾಠ

ಡಿಸೆಂಬರಿನಲ್ಲಿ ಮಿನೆಸೋಟಾಕ್ಕೆ ಬಂದ ಡಿಲನ್ ಪರೀಕ್ಷಾ ತಟ್ಟೆಯನ್ನು ತಮ್ಮ ಡೇವಿಡ್ ಜಿಮರ್‌ಮನ್ ಅವರಿಗೆ ಕೇಳಿಸಿದರು. ಹಾಡುಗಳೆಲ್ಲ ಒಂದೇ ಬಗೆಯಾಗಿ, ತೀರ ಬರಿದಾಗಿ ಕೇಳುತ್ತವೆ ಎಂಬುದು ತಮ್ಮನ ಅಭಿಪ್ರಾಯ. ಮನೆಯವರ ಟೀಕೆಯನ್ನು ಕಲಾವಿದರು ಕಿವಿಗೆ ಹಾಕಿಕೊಳ್ಳುವುದು ಅಪರೂಪ. ಇಲ್ಲಿ ಅಣ್ಣನಿಗೂ ಅದೇ ಅನುಮಾನ ಇದ್ದಿರಬೇಕು, ಇಲ್ಲವಾದರೆ ಅಚ್ಚಾದ ಹೊದಿಕೆಯನ್ನು ಪಕ್ಕಕ್ಕಿಟ್ಟು ಇಷ್ಟು ದೂರ ಹೋಗುತ್ತಿರಲಿಲ್ಲ. ಡೇವಿಡ್ ಸ್ಥಳೀಯ ವಾದಕರನ್ನು ಕೂಡಿಸಿದರು: ಗಿಟಾರಿಗೆ ಕೆವಿನ್ ಓಡೆಗಾರ್ಡ್ ಮತ್ತು ಕ್ರಿಸ್ ವೆಬರ್, ಬೇಸ್‌ಗೆ ಬಿಲ್ ಪೀಟರ್ಸನ್, ಡ್ರಮ್ಸ್‌ಗೆ ಬಿಲ್ ಬರ್ಗ್, ಕೀಬೋರ್ಡಿಗೆ ಗ್ರೆಗ್ ಇನ್‌ಹೋಫರ್. ಹೊದಿಕೆ ಆಗಲೇ ಅಚ್ಚಾಗಿದ್ದ ಕಾರಣ ಇವರ ಹೆಸರುಗಳು ಅದರ ಮೇಲೆ ಬರಲೇ ಇಲ್ಲ. ಹಾಡಿನ ಪ್ರಸಿದ್ಧ ರೂಪಕ್ಕೆ ಕೈಕೊಟ್ಟವರು ಹೀಗೆ ಬಹುಕಾಲ ಅನಾಮಿಕರಾಗಿ ಉಳಿದದ್ದು ಈ ಪ್ರಕರಣದ ನ್ಯಾಯವಲ್ಲದ ಒಂದು ಮುಖ.

ಡಿಸೆಂಬರ್ 30ರಂದು ಈ ಹಾಡನ್ನು ಎತ್ತಿಕೊಂಡಾಗ ಮೊದಲು ಜಿ ಶ್ರುತಿಯಲ್ಲಿ ನುಡಿಸಿ ನೋಡಿದರು. ಹೇಗಿದೆ ಎಂದು ಡಿಲನ್ ಕೇಳಿದಾಗ, ನಡೆಯುತ್ತದೆ, ಪರವಾಗಿಲ್ಲ ಎಂಬ ಅರ್ಥದ ಮಾತನ್ನು ತಾನು ಆಡಿದ್ದಾಗಿಯೂ, ಆಡಿದ ಮೇಲೆ ನಾಲಗೆ ಕಚ್ಚಿಕೊಂಡದ್ದಾಗಿಯೂ, ಆಮೇಲೆ ಶ್ರುತಿಯನ್ನು ಎ ಗೆ ಏರಿಸಿ ನೋಡೋಣವೆಂದು ಸೂಚಿಸಿದ್ದಾಗಿಯೂ ಓಡೆಗಾರ್ಡ್ ನೆನೆದಿದ್ದಾರೆ. ಹಾರ್ಮೋನಿಯಂನ ಲೆಕ್ಕದಲ್ಲಿ ಹೇಳುವುದಾದರೆ ಬಿಳಿ ಐದರಿಂದ ಬಿಳಿ ಆರಕ್ಕೆ, ಕೇವಲ ಒಂದು ಮನೆ ಮೇಲಕ್ಕೆ. ಕಂಪನಿ ನಾಟಕದ ಹಾಡುಗಾರರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಆರಾಮವಾಗಿ ಎಟಕುವ ಶ್ರುತಿಯಲ್ಲಿ ದನಿ ವಿಶ್ರಮಿಸುತ್ತದೆ; ಒಂದು ಮನೆ ಏರಿದೊಡನೆ ಪ್ರತಿ ಸಾಲಿನ ತುದಿಗೂ ಕೈಚಾಚಿ ಮುಟ್ಟಬೇಕಾಗುತ್ತದೆ, ಮತ್ತು ಆ ಚಾಚುವಿಕೆಯೇ ಕೇಳುಗನಿಗೆ ತುರ್ತಾಗಿ ತಲುಪುತ್ತದೆ. ಜೊತೆಗೆ ಡ್ರಮ್ಸ್ ಸೇರಿ ಲಯ ಮುಂದಕ್ಕೆ ನೂಕುತ್ತದೆ. ನ್ಯೂಯಾರ್ಕಿನಲ್ಲಿ ನೆನಪಾಗಿದ್ದದ್ದು ಇಲ್ಲಿ ಪಯಣವಾಯಿತು. ಊರಿನಿಂದ ಊರಿಗೆ ಅಲೆಯುವವನ ಕಥೆಗೆ ನಡಿಗೆಯ ವೇಗ ಬೇಕಿತ್ತು ಎಂಬುದು ಈಗ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಪಾಠ ಮಾತ್ರವೇ ಇದ್ದಿದ್ದರೆ ಬಹುಶಃ ಯಾರಿಗೂ ಕಾಣುತ್ತಿರಲಿಲ್ಲ.

ಮಾತುಗಳಲ್ಲಿ ಆದ ಮುಖ್ಯ ಬದಲಾವಣೆ ಎಂದರೆ ಮೊದಲ ನುಡಿಗಳ ‘ಅವನು’ ಬಹುಮಟ್ಟಿಗೆ ‘ನಾನು’ ಆದದ್ದು. ಹಾಸಿಗೆಯಲ್ಲಿ ಬಿದ್ದುಕೊಂಡವನೂ ನಾನೇ, ಮಳೆಯಲ್ಲಿ ರಸ್ತೆಯ ಅಂಚಿನಲ್ಲಿ ನಿಂತವನೂ ನಾನೇ. ಇಂಗ್ಲಿಷಿನಲ್ಲಿ ಈ ಅದಲುಬದಲಿಗೆ ಛಂದಸ್ಸಿನ ಖರ್ಚಿಲ್ಲ: ಎರಡೂ ಸರ್ವನಾಮಗಳು ಒಂದೊಂದೇ ಉಚ್ಚಾರಾಂಶದವು, ಭೂತಕಾಲದ ಕ್ರಿಯಾಪದವೂ ಎರಡಕ್ಕೂ ಒಂದೇ. ಕನ್ನಡದಲ್ಲಿಯೂ ಮಾತ್ರೆಗಳ ಲೆಕ್ಕ ಕೆಡುವುದಿಲ್ಲ, ‘ಮಲಗಿದ್ದ’ ಎಂಬುದು ‘ಮಲಗಿದ್ದೆ’ ಆಗುತ್ತದೆ ಅಷ್ಟೆ. ಆದರೆ ಕ್ರಿಯಾಪದವು ಸಾಲಿನ ಕೊನೆಗೆ ಬರುವ ನಮ್ಮ ವಾಕ್ಯರಚನೆಯಲ್ಲಿ ಅಂತ್ಯಪ್ರಾಸಗಳೆಲ್ಲ ಒಟ್ಟಿಗೆ ಬದಲಾಗಬೇಕಾಗುತ್ತದೆ, ಆದಿಪ್ರಾಸ ಮಾತ್ರ ಅಲುಗದೆ ನಿಲ್ಲುತ್ತದೆ. ಕನ್ನಡದಲ್ಲಿ ಹಾಡು ಬರೆಯುವವರು ಇಂಥ ಪ್ರಯೋಗಕ್ಕೆ ಕೈಹಾಕುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

‘ನಾನು’ ಬಂದದ್ದರಿಂದ ಹಾಡು ಆತ್ಮಕಥೆಯಾಯಿತು ಎಂದು ಹಲವರು ತಿಳಿದರು. ಆ ದಿನಗಳಲ್ಲಿ ಡಿಲನ್ ಅವರ ದಾಂಪತ್ಯ ಬಿರುಕು ಬಿಟ್ಟಿದ್ದುದೂ, 1977ರಲ್ಲಿ ವಿಚ್ಛೇದನವಾದದ್ದೂ ನಿಜ. ಈ ಹಾಡನ್ನು ಬದುಕಲು ಹತ್ತು ವರ್ಷ, ಬರೆಯಲು ಎರಡು ವರ್ಷ ಹಿಡಿಯಿತೆಂದು ಅವರೇ ಸಭೆಗಳಲ್ಲಿ ಹೇಳಿದ್ದೂ ಉಂಟು. ಆದರೆ ತಿದ್ದುಪಡಿಯ ದೃಷ್ಟಿಯಿಂದ ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ‘ಅವನು’ ಪೂರ್ತಿ ಮಾಯವಾಗಲಿಲ್ಲ. ಬ್ರೂಕ್ಲಿನ್‌ನ ಮಾಂಟೆಗ್ಯೂ ಬೀದಿಯ ನೆಲಮಾಳಿಗೆಯಲ್ಲಿ ‘ಅವರ’ ಜೊತೆ ವಾಸವಿದ್ದೆ ಎನ್ನುವ ನುಡಿಯಲ್ಲಿ, ಇದ್ದಕ್ಕಿದ್ದಂತೆ ‘ಅವನೊಬ್ಬ’ ಬರುತ್ತಾನೆ, ಹಾಳು ವ್ಯವಹಾರಕ್ಕಿಳಿಯುತ್ತಾನೆ, ಅವನೊಳಗೆ ಏನೋ ಸತ್ತುಹೋಗುತ್ತದೆ. ಆ ‘ಅವರು’ ಯಾರು, ಈ ‘ಅವನು’ ಹಾಡುತ್ತಿರುವವನದೇ ಇನ್ನೊಂದು ಮುಖವೋ, ಮೂರನೆಯ ವ್ಯಕ್ತಿಯೋ? ಎಲ್ಲವನ್ನೂ ಸರಿಪಡಿಸುವ ಹುಮ್ಮಸ್ಸಿನಲ್ಲಿ ಈ ಗಂಟನ್ನು ಬಿಡಿಸಿದ್ದರೆ ಹಾಡು ನೇರವಾಗುತ್ತಿತ್ತು, ಮತ್ತು ಹಾಳಾಗುತ್ತಿತ್ತು. ಆರಂಭದಲ್ಲಿ ಗೊಂದಲ ಬೇಡ, ಕೇಳುಗ ಮೊದಲು ಒಳಗೆ ಬರಲಿ. ಒಳಗೆ ಬಂದು ಕೂತ ಮೇಲೆ ನೆಲ ಅಲುಗಲಿ. ಎರಡನೆಯ ಪಾಠದ ಲೆಕ್ಕಾಚಾರ ಇದೆಂದು ನಾನು ಓದುತ್ತೇನೆ.

ಇನ್ನೊಂದು ಬದಲಾವಣೆ ಚಿಕ್ಕದು, ಆದರೆ ಕಸುಬಿನ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಉತ್ತರದ ಕಾಡಿನ ಅಡುಗೆ ಕೆಲಸ ಬಿಟ್ಟವನು ನ್ಯೂಯಾರ್ಕ್ ಪಾಠದಲ್ಲಿ ಲಾಸ್ ಏಂಜಲಿಸ್‌ಗೆ ಹೋಗಿ, ವಿಮಾನ ಕಾರ್ಖಾನೆಯೊಂದರಲ್ಲಿ ಟ್ರಕ್ಕಿಗೆ ಸರಕು ತುಂಬುತ್ತಾನೆ. ‘ಲಕ್’ ಮತ್ತು ‘ಟ್ರಕ್’ ಎಂಬ ಪ್ರಾಸ ಅಲ್ಲಿದೆ. ತಪ್ಪಿಲ್ಲದ ಪ್ರಾಸ, ಯಾರಿಗಾದರೂ ಹೊಳೆಯಬಹುದಾದ ಪ್ರಾಸ. ಮಿನಿಯಾಪೊಲಿಸ್ ಪಾಠದಲ್ಲಿ ಅವನು ನ್ಯೂ ಆರ್ಲಿಯನ್ಸ್‌ಗೆ ಇಳಿದು, ಡೆಲಕ್ರಾ ಎಂಬ ಮೀನುಗಾರರ ಊರಿನ ಆಚೆ ದೋಣಿಯಲ್ಲಿ ದುಡಿಯುತ್ತಾನೆ. ಕೆಲಸಕ್ಕೆ ಸೇರಿದೆ ಎನ್ನುವ ‘ಎಂಪ್ಲಾಯ್ಡ್’ ಪದಕ್ಕೆ ಆ ಊರಿನ ಹೆಸರೇ ಪ್ರಾಸ. ಉಚ್ಚಾರಣೆಯನ್ನು ಎಳೆದು ಹೊಂದಿಸಿದ ಈ ಪ್ರಾಸದಲ್ಲಿ ಒಂದು ತುಂಟತನವಿದೆ, ನಕ್ಷೆಯಲ್ಲಿ ಹುಡುಕಬೇಕಾದ ಒಂದು ಊರಿದೆ, ನೀರಿದೆ. ಇನ್ನೂ ಒಂದು ಮಾತು ಸೇರಿಸಬಹುದು, ಇದು ನನ್ನ ಓದು: ಮಿಸಿಸಿಪಿ ನದಿ ಹುಟ್ಟುವುದು ಡಿಲನ್ ಹುಟ್ಟಿದ ಮಿನೆಸೋಟಾದ ಉತ್ತರದ ಕಾಡುಗಳಲ್ಲಿ, ಕಡಲು ಸೇರುವುದು ನ್ಯೂ ಆರ್ಲಿಯನ್ಸ್ ದಾಟಿದ ಮೇಲೆ. ಹೊಸ ಸಾಲಿನಲ್ಲಿ ಅಲೆಮಾರಿಯ ದಾರಿ ನದಿಯ ದಾರಿಯೇ ಆಗಿಬಿಟ್ಟಿದೆ. ತವರಿನಲ್ಲಿ ಕೂತು ತಿದ್ದುವಾಗ ಈ ದಾರಿ ಹೊಳೆಯಿತೋ, ಪ್ರಾಸ ಹುಡುಕುತ್ತ ಹೋಗಿ ಕಂಡಿತೋ, ಎರಡೂ ಸಾಧ್ಯ.

ಅಲುಗದೆ ನಿಂತದ್ದು

ಇಷ್ಟೆಲ್ಲ ಬದಲಾದರೂ ಹಾಡು ಅದೇ ಹಾಡಾಗಿ ಉಳಿದದ್ದು ಹೇಗೆ? ಪ್ರತಿ ನುಡಿಯೂ ಹಾಡಿನ ಹೆಸರಿನಿಂದಲೇ ಮುಗಿಯುತ್ತದೆ, ಮತ್ತು ಅದರ ಹಿಂದಿನ ಸಾಲು ‘ಬ್ಲೂ’ ಎಂಬ ಪದಕ್ಕೆ ಪ್ರಾಸವಾಗಿ ಬಂದು ನಿಲ್ಲಲೇಬೇಕು. ಏಳು ನುಡಿಗಳಿಗೆ ಏಳು ಬಾಗಿಲು, ಎಲ್ಲವೂ ಒಂದೇ ಅಂಗಳಕ್ಕೆ ತೆರೆಯುವಂಥವು. ಎಲ್ಲಿಂದ ಹೊರಟರೂ ತಲುಪುವ ಜಾಗ ಗೊತ್ತಿರುವುದರಿಂದ ನುಡಿಯ ಒಡಲಿನಲ್ಲಿ ಊರು ಬದಲಿಸಬಹುದು, ಕಸುಬು ಬದಲಿಸಬಹುದು, ಪುರುಷವನ್ನೂ ಬದಲಿಸಬಹುದು. ಈ ಪಲ್ಲವಿಯ ಸಾಲನ್ನು ಡಿಲನ್ ಯಾವ ಪಾಠದಲ್ಲಿಯೂ ಮುಟ್ಟಿಲ್ಲ. ನುಡಿಯ ಸಾಲುಗಳ ಜೋಡಣೆಯೂ, ಧಾಟಿಯ ಮೂಳೆಕಟ್ಟೂ ಎರಡು ಧ್ವನಿಮುದ್ರಣಗಳಲ್ಲಿ ಒಂದೇ. ತಿದ್ದುವ ಸ್ವಾತಂತ್ರ್ಯ ದೊರೆತದ್ದು ತಿದ್ದಲಾರದ ಒಂದು ಸಾಲಿನಿಂದ.

ಕನ್ನಡಿಗರಿಗೆ ಇದು ಅಪರಿಚಿತವಾದ ವ್ಯವಸ್ಥೆಯಲ್ಲ. ದಾಸರ ಪದಗಳು ಬಾಯಿಂದ ಬಾಯಿಗೆ ಬಂದಾಗ ಸಾಲುಗಳು ಹಿಂದುಮುಂದಾದವು, ಪದಗಳು ಬದಲಾದವು, ಹಳೆಯ ಮಟ್ಟುಗಳು ಮರೆತುಹೋಗಿ ನಂತರದ ಗಾಯಕರು ತಮಗೊಪ್ಪಿದ ರಾಗಗಳನ್ನು ಹಾಕಿಕೊಂಡರು. ಪಲ್ಲವಿಯೂ ಕೊನೆಯ ಅಂಕಿತವೂ ಗಟ್ಟಿಯಾಗಿ ನಿಂತಿದ್ದರಿಂದ ಪದ ಪದವಾಗಿಯೇ ಉಳಿಯಿತು. ಅಲ್ಲಿ ಆ ಕೆಲಸ ಮಾಡಿದ್ದು ತಲೆಮಾರುಗಳು. ಇಲ್ಲಿ ಒಬ್ಬನೇ ಕವಿ ತನ್ನ ಹಾಡಿಗೆ ತಾನೇ ಪಾಠಾಂತರಗಳನ್ನು ಹುಟ್ಟಿಸುತ್ತ ಹೋದದ್ದು ವಿಶೇಷ.

ಹೌದು, ಹೋದದ್ದು, ಏಕೆಂದರೆ ಡಿಸೆಂಬರ್ 30ಕ್ಕೆ ಪ್ರಕರಣ ಮುಗಿಯಲಿಲ್ಲ. 1978ರ ಪ್ರವಾಸದ ಕೊನೆಯ ಭಾಗದಲ್ಲಿ, ಡಿಲನ್ ಕ್ರೈಸ್ತ ಭಕ್ತಿಗೀತೆಗಳತ್ತ ತಿರುಗುವ ಹೊಸ್ತಿಲಲ್ಲಿ, ಹಾಡಿನೊಳಗಿನ ಹೆಣ್ಣು ಕೈಗೆತ್ತಿಕೊಳ್ಳುವ ಪುಸ್ತಕ ಬದಲಾಯಿತು. ಹದಿಮೂರನೆಯ ಶತಮಾನದ ಇಟಲಿಯ ಕವಿಯ ಜಾಗಕ್ಕೆ ಬೈಬಲ್ ಬಂತು. 1984ರ ಯೂರೋಪ್ ಪ್ರವಾಸದಲ್ಲಿ ಬಹುತೇಕ ನುಡಿಗಳು ಹೊಸದಾದವು. ಮತ್ತೆ ‘ಅವನು’ ಮುಂದೆ ಬಂದ; ಹೆಣ್ಣಿನ ಮೊದಲ ಗಂಡ ಅವಳ ವಯಸ್ಸಿನ ನಾಲ್ಕು ಪಟ್ಟು ವಯಸ್ಸಿನವನಾದ, ಅವಳನ್ನು ಬರಿಗೈಯಲ್ಲಿ ಬಿಟ್ಟುಹೋದ. ಈ ರೂಪ ಅದೇ ವರ್ಷದ ‘ರಿಯಲ್ ಲೈವ್’ ಎಂಬ ಮುದ್ರಿಕೆಯಲ್ಲಿದೆ. ಹಳೆಯ ಪಾಠ ತನಗೆ ಎಂದೂ ಪೂರ್ಣ ತೃಪ್ತಿ ಕೊಟ್ಟಿರಲಿಲ್ಲ, ಹಾಡು ಇರಬೇಕಾದದ್ದು ಹೆಚ್ಚುಕಡಿಮೆ ಹೀಗೆ ಎಂಬ ಅಭಿಪ್ರಾಯವನ್ನು ಡಿಲನ್ ಮರುವರ್ಷ ವ್ಯಕ್ತಪಡಿಸಿದರು.

ಈ ತೀರ್ಪನ್ನು ನಾನು ಒಪ್ಪಲಾರೆ. 1984ರ ಪಾಠದಲ್ಲಿ ವಿವರಗಳು ಚುರುಕಾಗಿವೆ, ವ್ಯಂಗ್ಯ ಹರಿತವಾಗಿದೆ, ಆದರೆ ಮೊದಲ ಗಂಡನನ್ನು ಹಾಗೆ ಚಿತ್ರಿಸಿದೊಡನೆ ಅವಳು ಬಿಟ್ಟುಬಂದದ್ದಕ್ಕೆ ಸುಲಭವಾದ ಸಮರ್ಥನೆ ಸಿಕ್ಕಿಬಿಡುತ್ತದೆ. 1974ರ ಎರಡೂ ಪಾಠಗಳಲ್ಲಿ ಅವಳು ವಿಚ್ಛೇದನದ ಅಂಚಿನಲ್ಲಿದ್ದವಳು ಎಂದಷ್ಟೇ ಇದೆ. ಅವಳನ್ನು ಬಿಡಿಸುವಾಗ ಕೊಂಚ ಹೆಚ್ಚೇ ಬಲ ಬಳಸಿದ ಅಳುಕು ಬಿಡಿಸಿದವನ ಮೇಲೆಯೇ ಇದೆ. ಆ ಅಳುಕನ್ನು ಮೊದಲ ಪಾಠ ‘ಅವನ’ ಮೇಲೆ ಹೊರಿಸಿತ್ತು, ಎರಡನೆಯದು ‘ನನ್ನ’ ಮೇಲೆ ಹೊತ್ತುಕೊಂಡಿತು, ಹತ್ತು ವರ್ಷಗಳ ಮೇಲಿನದು ಅದನ್ನು ಕೆಳಗಿಳಿಸಿ ಹಗುರವಾಯಿತು. 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಕವಿಯ ಮಾತಿಗೆ ಎದುರು ಮಾತಾಡುವುದು ಉದ್ಧಟತನವೆನಿಸಬಹುದು, ಆದರೆ ತನ್ನ ಕೃತಿಯ ಯಾವ ಪಾಠ ಉತ್ತಮ ಎಂಬ ಪ್ರಶ್ನೆಯಲ್ಲಿ ಬರೆದವನದು ಒಂದು ಅಭಿಪ್ರಾಯ, ಅಂತಿಮ ಆಜ್ಞೆಯಲ್ಲ.

ಹಾಗೆಂದು ಮಿನಿಯಾಪೊಲಿಸ್‌ನ ಕೆಲಸವೆಲ್ಲ ಲಾಭವೇ ಎಂದೂ ಹೇಳುವಂತಿಲ್ಲ. ಅಲ್ಲಿ ಮತ್ತೆ ಹಾಡಿದ ಐದರಲ್ಲಿ ‘ಈಡಿಯಟ್ ವಿಂಡ್’ ಎಂಬ ದೀರ್ಘ ಹಾಡು ನ್ಯೂಯಾರ್ಕಿನಲ್ಲಿ ದುಃಖವಾಗಿತ್ತು, ಮಿನಿಯಾಪೊಲಿಸ್‌ನಲ್ಲಿ ಸಿಟ್ಟಾಯಿತು. ಸಿಟ್ಟಿನ ಪಾಠಕ್ಕೆ ಕಸುವು ಹೆಚ್ಚು, ಆದರೆ ಮೊದಲ ಪಾಠದಲ್ಲಿ ಬೈಯುವವನು ತನ್ನನ್ನೂ ಬೈದುಕೊಳ್ಳುತ್ತಿದ್ದಾನೆ ಎಂಬುದು ದನಿಯಿಂದಲೇ ತಿಳಿಯುತ್ತಿತ್ತು. ಪರೀಕ್ಷಾ ತಟ್ಟೆಯ ಕಳ್ಳಪ್ರತಿಗಳನ್ನು ಬಹುಕಾಲದಿಂದ ಕೇಳುತ್ತ ಬಂದವರಲ್ಲಿ ನ್ಯೂಯಾರ್ಕ್ ರೂಪವೇ ಮೇಲೆಂದು ವಾದಿಸುವವರು ಕಡಿಮೆಯಿಲ್ಲ, ಅವರ ವಾದ ಪೊಳ್ಳೂ ಅಲ್ಲ.

ಮುದ್ರಿಕೆಯಲ್ಲಿ ನಮ್ಮ ಹಾಡಿನ ಬೆನ್ನಿಗೇ ಬರುವ ‘ಸಿಂಪಲ್ ಟ್ವಿಸ್ಟ್ ಆಫ್ ಫೇಟ್’ ಅನ್ನು ಇಲ್ಲಿ ಹೋಲಿಸಿ ನೋಡಬೇಕು. ಅದೂ ‘ಅವನ’ ಕಥೆಯಾಗಿಯೇ ಆರಂಭವಾಗುತ್ತದೆ, ಅದರಲ್ಲೂ ಮುಂದೆ ‘ನಾನು’ ಬರುತ್ತದೆ. ಸರ್ವನಾಮದ ದೋಷವನ್ನು ಕಂಡುಕೊಂಡು ನಿಯಮವೊಂದನ್ನು ಮಾಡಿಕೊಂಡವರು ಇದನ್ನೂ ತಿದ್ದಿಬಿಡುತ್ತಿದ್ದರು. ಡಿಲನ್ ತಿದ್ದಲಿಲ್ಲ, ನ್ಯೂಯಾರ್ಕಿನ ಗಿಟಾರ್ ಮತ್ತು ಬೇಸ್‌ಗಳ ಮೆಲುದನಿಯ ಪಾಠವೇ ಅಲ್ಲಿ ಉಳಿಯಿತು. ಕಾರಣ ರಚನೆಯಲ್ಲಿದೆ. ಆ ಹಾಡಿನಲ್ಲಿ, ಎರಡನೆಯ ನುಡಿಯಲ್ಲಿ ‘ನನಗೆ ಚೆನ್ನಾಗಿ ನೆನಪಿದೆ’ ಎಂದು ನಡುವೆ ತೂರಿಬರುವ ಮಾತೊಂದನ್ನು ಬಿಟ್ಟರೆ, ‘ನಾನು’ ಬರುವುದು ಕಟ್ಟಕಡೆಯ ನುಡಿಯಲ್ಲಿ. ಅಷ್ಟು ಹೊತ್ತು ಯಾರದೋ ಕಥೆಯೆಂದು ಹೇಳುತ್ತಿದ್ದವನು, ಅವಳನ್ನು ಕಳೆದುಕೊಂಡವನು ತಾನೇ ಎಂದು ಅಲ್ಲಿ ಬಾಯಿಬಿಡುತ್ತಾನೆ. ಹಾಡು ಮುಗಿಯಲು ಆ ನುಡಿಯೊಂದೇ ಬಾಕಿ ಇರುವುದರಿಂದ ಕೇಳುಗನಿಗೆ ಸಂಕೋಚಪಡುವಷ್ಟು ಸಮಯ ಸಿಗುವುದಿಲ್ಲ.